ಚಿಕಿತ್ಸೆಗೆ ಮುನ್ನ ವೆಚ್ಚದ ಅಂದಾಜು

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 2022ನೆಯ ಇಸವಿ ಜನವರಿ 1ನೆಯ ತಾರೀಖಿನಿಂದ ಆಚರಣೆಗೆ ಬಂದ ಒಂದು ಕಾಯಿದೆಯ ಕಡೆಗೆ ನಮ್ಮ ವಾಚಕರ ಲಕ್ಷ್ಯವನ್ನು ಸೆಳೆಯಬೇಕೆಂದು ನಮಗೆ ಬಹುದಿನಗಳಿಂದ ಅನಿಸುತ್ತಿದ್ದಿತು. 'ನೋ ಸರ್‌ಪ್ರೈಸಸ್ ಆ್ಯಕ್ಟ್' ಎಂಬ ಅದರ ಹೆಸರೇ ತುಸು ವಿನೋದವಾಗಿದೆ. ಬಿಲ್ಲನ್ನು ಮುಂದಿಟ್ಟು ರೋಗಿಯನ್ನು ಬೆಚ್ಚಿಬೀಳಿಸಬಾರದು ಎಂಬುದೇ ಅದರ ತಾತ್ಪರ್ಯ. 2020ರ ಡಿಸೆಂಬರ್ 27ರಂದು ಅಧ್ಯಕ್ಷ ಟ್ರಂಪರು ಅದಕ್ಕೆ ಅಂಕಿತ ಹಾಕಿದರು. ಅದನ್ನು ಜಾರಿಗೆ ತರುವ ಕೆಲಸವು ಅವರ ಎದುರಾಳಿಗಳಾದ ಬೈಡನ್ನರ ಪಾಲಿಗೆ ಬಂದಿತು. ಮಿಕ್ಕ ಎಲ್ಲ ವಿಷಯಗಳಲ್ಲಿಯೂ ಕಚ್ಚಾಡುವ ಎರಡು ಪಕ್ಷಗಳು ಈ ಒಂದು ವಿಷಯದಲ್ಲಿ ಕೈಗೂಡಿಸಿದುವೆಂದರೆ, ಆ ಸಿರಿವಂತ ದೇಶದಲ್ಲಿ ಆಸ್ಪತ್ರೆಯ ಬಿಲ್ಲು ಜನರನ್ನು ಎಷ್ಟರಮಟ್ಟಿಗೆ ಕಂಗೆಡಿಸಿರಬೇಕೆಂಬುದನ್ನು ಊಹಿಸಬಹುದು.

ಕಾಯಿದೆಯ ಬಹುಭಾಗವು ವಿಮೆಯುಳ್ಳವರಿಗೆ ಅನಿರೀಕ್ಷಿತವಾಗಿ ಬರುವ ಬಿಲ್ಲುಗಳಿಗೆ ಸಂಬಂಧಪಟ್ಟದ್ದು. ಆ ಜಂಜಾಟವು ಇಲ್ಲಿ ನಮಗೆ ಬೇಕಾಗಿಲ್ಲ. ನಮಗೆ ಮುಖ್ಯವೆನಿಸಿದುದು ಅದರ ಒಂದು ಮೂಲೆಯಲ್ಲಿರುವ ಚಿಕ್ಕ ವಿಧಿ. ವಿಮೆಯಿಲ್ಲದವರು ಮತ್ತು ವಿಮೆಯಿದ್ದರೂ ಅದನ್ನು ಬಳಸದೆ ಕೈಯಿಂದಲೇ ಹಣ ಕೊಡುವವರು ಚಿಕಿತ್ಸೆಗೆ ಮುಂಚಿತವಾಗಿ ಬರವಣಿಗೆಯಲ್ಲಿ ವೆಚ್ಚದ ಅಂದಾಜನ್ನು ಪಡೆಯುವುದಕ್ಕೆ ಹಕ್ಕುಳ್ಳವರು ಎಂದು ಈ ವಿಧಿಯು ಸಾರುತ್ತದೆ. ಅಲ್ಲಿಯವರು ಇದನ್ನು ಸದ್ಭಾವದ ಅಂದಾಜು ಎಂದು ಕರೆಯುವರು. ಭೇಟಿಯ ದಿನವನ್ನು ಮೂರು ಕೆಲಸದ ದಿನಗಳಷ್ಟಾದರೂ ಮೊದಲು ಗೊತ್ತುಪಡಿಸಿದ್ದರೆ, ಗೊತ್ತುಪಡಿಸಿದ ಮಾರನೆಯ ಕೆಲಸದ ದಿನದೊಳಗಾಗಿ ಅಂದಾಜು ರೋಗಿಯ ಕೈ ಸೇರಬೇಕು. ಹತ್ತು ದಿನ ಮೊದಲೇ ಗೊತ್ತಾಗಿದ್ದರೆ, ಅಥವಾ ರೋಗಿಯು ತಾನಾಗಿ ಬೆಲೆಯನ್ನು ವಿಚಾರಿಸಿದರೆ, ಮೂರು ಕೆಲಸದ ದಿನಗಳೊಳಗಾಗಿ. ಬಾಯಿಮಾತು ಸಾಲದು, ದೂರವಾಣಿಯಲ್ಲಿ ಹೇಳಿದ್ದರೂ ಅದರ ಹಿಂದೆ ಕಾಗದ ಬರಬೇಕು. ಇಂಥ ಹಕ್ಕು ತಮಗಿದೆಯೆಂಬುದನ್ನೂ ವೈದ್ಯರೇ ರೋಗಿಗೆ ತಿಳಿಸಬೇಕು. ಕೊನೆಯ ಬಿಲ್ಲು ಅಂದಾಜಿಗಿಂತ 400 ಡಾಲರುಗಳಷ್ಟು ಅಥವಾ ಅದಕ್ಕೂ ಹೆಚ್ಚಾಗಿ ಮಿಕ್ಕಿದರೆ ರೋಗಿಯು 120 ದಿನಗಳೊಳಗೆ, ಕೇವಲ 25 ಡಾಲರು ಶುಲ್ಕ ಕಟ್ಟಿ, ಸರಕಾರವು ನೇಮಿಸಿದ ಮಧ್ಯಸ್ಥರ ಮುಂದೆ ತಕರಾರು ಹೂಡಬಹುದು. ತಕರಾರು ತೀರುವ ವರೆಗೆ ಆ ಬಾಕಿಯನ್ನು ವಸೂಲಿಗಾರರಿಗೆ ಒಪ್ಪಿಸುವಂತಿಲ್ಲ, ತಡವಾಯಿತೆಂದು ದಂಡ ಹಾಕುವಂತಿಲ್ಲ. ಅಂದಾಜನ್ನು ಪಡೆದ ಮಾತ್ರಕ್ಕೆ ರೋಗಿಯು ಅಲ್ಲಿಯೇ ಚಿಕಿತ್ಸೆ ಪಡೆಯಬೇಕೆಂಬ ಕಟ್ಟುಪಾಡೂ ಇಲ್ಲ.

ಈ ವಿಧಿಯ ಬಿಸಿಯು ಎಲ್ಲರಿಗಿಂತ ಮೊದಲು ತಟ್ಟಿದ್ದು ದೊಡ್ಡ ಆಸ್ಪತ್ರೆಗಳಿಗಲ್ಲ. ಒಂದು ಕೊಠಡಿ, ಎರಡು ಕುರ್ಚಿಗಳನ್ನಿಟ್ಟುಕೊಂಡು ಮನಸ್ಸಿನ ಬೇನೆಗೆ ಮಾತಿನ ಚಿಕಿತ್ಸೆ ಮಾಡುವ ಆಪ್ತಸಮಾಲೋಚಕರಿಗೆ ಅದು ಮೊದಲು ತಟ್ಟಿತು. ಇದಕ್ಕೆ ಕಾರಣವುಂಟು. ಅಮೆರಿಕದಲ್ಲಿ ಮನೋಚಿಕಿತ್ಸಕರಲ್ಲಿ ಅನೇಕರು ವಿಮಾ ಕಂಪನಿಗಳ ಗೊಡವೆಗೇ ಹೋಗುವುದಿಲ್ಲ. ಕಂಪನಿಗಳು ಕೊಡುವ ಪ್ರತಿಫಲವು ಕಡಿಮೆ, ಬರೆದು ಒಪ್ಪಿಸಬೇಕಾದ ಕಾಗದವು ಹೆಚ್ಚು. 2009–10ರ ಅಂಕಿಗಳನ್ನು ಪರಿಶೀಲಿಸಿದ ಒಂದು ಸಂಶೋಧನೆಯು, ಮನೋವೈದ್ಯರಲ್ಲಿ ನೂರಕ್ಕೆ ಸುಮಾರು 55 ಮಂದಿ ಮಾತ್ರ ಖಾಸಗಿ ವಿಮೆಯನ್ನು ಒಪ್ಪುತ್ತಿದ್ದರೆಂದೂ ಇತರ ವೈದ್ಯರಲ್ಲಿ ಈ ಸಂಖ್ಯೆಯು ಸುಮಾರು 89 ಇದ್ದಿತೆಂದೂ ತೋರಿಸಿಕೊಟ್ಟಿತು. ಹೀಗಾಗಿ ಕಾಲು ಮುರಿದವನ ಬಿಲ್ಲನ್ನು ಕಂಪನಿಯು ಕಟ್ಟೀತು. ಮನಸ್ಸು ಮುರಿದವನು ತನ್ನ ಚೀಲವನ್ನೇ ಬಿಚ್ಚಬೇಕು. ಅದೂ ಒಂದು ದಿನದ ಮಾತಲ್ಲ. ಶಸ್ತ್ರಕ್ರಿಯೆಯು ಒಂದು ಮುಂಜಾನೆಯಲ್ಲಿ ಮುಗಿಯಬಹುದು, ಮಾತಿನ ಚಿಕಿತ್ಸೆಯು ವಾರವಾರಕ್ಕೂ ತಿಂಗಳುಗಟ್ಟಲೆ ನಡೆಯತಕ್ಕದ್ದು. ಪ್ರತಿ ಸಲವೂ ಕೊಡುವ ಮೊತ್ತವು ಚಿಕ್ಕದಾಗಿ ಕಾಣುವುದರಿಂದ ಒಟ್ಟು ಮೊತ್ತವು ಎಷ್ಟಾಯಿತೆಂಬುದು ಕೈ ಬರಿದಾದ ಮೇಲೆಯೇ ತಿಳಿಯುವುದು.

ಕಾಯಿದೆ ಬಂದೊಡನೆ ಅಲ್ಲಿಯ ಚಿಕಿತ್ಸಕರು ಎತ್ತಿದ ಆಕ್ಷೇಪಣೆಗಳನ್ನು ನಾವು ಬರಿಯ ಸ್ವಾರ್ಥದ ಕೂಗೆಂದು ತಳ್ಳಿಹಾಕಲಾರೆವು. ಅವರು ಹೇಳಿದುದು ಹೀಗೆ: ಮನುಷ್ಯನ ದುಃಖಕ್ಕೆ ಗಜಕಡ್ಡಿಯಿಲ್ಲ, ಮೊದಲನೆಯ ಭೇಟಿಯಲ್ಲಿ ನಿದ್ರೆ ಬಾರದೆಂದು ಹೇಳಿಕೊಂಡು ಬಂದವನು ನಾಲ್ಕನೆಯ ಭೇಟಿಯಲ್ಲಿ ಬಾಲ್ಯದಲ್ಲಿ ನಡೆದ ಘೋರವಾದ ಸಂಗತಿಯೊಂದನ್ನು ಬಿಚ್ಚಿಡಬಹುದು, ಆರು ಭೇಟಿ ಸಾಕೆಂದು ತಿಳಿದ ಕೆಲಸವು ಅರವತ್ತಕ್ಕೆ ಬೆಳೆಯಬಹುದು, ಇಂಥದನ್ನು ಮುಂಗಡವಾಗಿ ಬರೆದುಕೊಡುವುದೆಂತು? ಎರಡನೆಯದಾಗಿ, ಅಂದಾಜು ಪತ್ರದಲ್ಲಿ ರೋಗದ ಸಂಕೇತವನ್ನು ಬರೆಯಬೇಕೆಂದು ಇದ್ದಿತು. ಮುಖವನ್ನೇ ನೋಡದ ವ್ಯಕ್ತಿಗೆ ಇಂಥ ಮನೋರೋಗವಿದೆಯೆಂದು ಕಾಗದದಲ್ಲಿ ಮುದ್ರೆಯೊತ್ತುವುದು ವೈದ್ಯಧರ್ಮವೇ ಎಂದು ಅವರು ಕೇಳಿದರು. ಮೂರನೆಯದಾಗಿ, ಗುಮಾಸ್ತನಾಗಲಿ ಲೆಕ್ಕಿಗನಾಗಲಿ ಇಲ್ಲದ ಒಂಟಿ ಚಿಕಿತ್ಸಕರಿಗೆ ಈ ಕಾಗದದ ಹೊರೆಯು ಭಾರವೆಂದು ದೂರಿದರು.

ಇವುಗಳಲ್ಲಿ ಎರಡನೆಯ ಆಕ್ಷೇಪಣೆಯು ನಮಗೆ ಅತ್ಯಂತ ನ್ಯಾಯವಾಗಿ ತೋರುವುದು. ಸುದೈವದಿಂದ ಅಲ್ಲಿಯ ಸರಕಾರವೂ ಅದನ್ನು ಮನಗಂಡು, ರೋಗವು ಇನ್ನೂ ನಿರ್ಣಯವಾಗದಿರುವಾಗ ಸಂಕೇತವನ್ನು ಬರೆಯಬೇಕಾಗಿಲ್ಲವೆಂದೂ, ಸೇವೆ ಯಾವುದು, ಬೆಲೆ ಎಷ್ಟು ಎಂಬುದನ್ನು ಬರೆದರೆ ಸಾಕೆಂದೂ ವಿವರಣೆ ಕೊಟ್ಟಿತು. ಮೊದಲನೆಯ ಆಕ್ಷೇಪಣೆಗೆ ಕಾಯಿದೆಯಲ್ಲಿಯೇ ಉತ್ತರವಿದ್ದಿತು. ಮರುಕಳಿಸಿ ನಡೆಯುವ ಚಿಕಿತ್ಸೆಗೆ ಹನ್ನೆರಡು ತಿಂಗಳ ವರೆಗೆ ಒಂದೇ ಅಂದಾಜನ್ನು ಕೊಡಬಹುದು; ಅವಧಿ ತೀರಿದ ಮೇಲೆ ಹೊಸದು ಬೇಕು; ನಡುವೆ ಸ್ಥಿತಿ ಬದಲಾದರೆ ಹಳೆಯದನ್ನು ತಿದ್ದಿ ಹೊಸದನ್ನು ಕೊಡಬೇಕು. ಕಾಯಿದೆಯು ಚಿಕಿತ್ಸಕನನ್ನು ಜೋಯಿಸನಾಗೆಂದು ಕೇಳಲಿಲ್ಲ. ಇಂದು ನಿನಗೆ ತಿಳಿದಷ್ಟನ್ನು ಇಂದು ಹೇಳು, ನಾಳೆ ಬೇರೆ ತಿಳಿದರೆ ನಾಳೆ ಹೇಳು ಎಂದಷ್ಟೇ ಕೇಳಿತು. ಇದರಲ್ಲಿ ಅನ್ಯಾಯವೇನಿದೆಯೆಂಬುದು ನಮಗೆ ಹೊಳೆಯದು.

ಹಾಗೆಂದು ಈ ವಿಧಿಯು ಕುಂದಿಲ್ಲದ್ದೆಂದು ನಾವು ಹೊಗಳಹೊರಟಿಲ್ಲ. ಒಂದು ಭೇಟಿಗೆ 150 ಡಾಲರಿನಂತೆ ಇಪ್ಪತ್ತು ಭೇಟಿಗಳಿಗೆ 3,000 ಡಾಲರೆಂದು ಅಂದಾಜು ಕೊಟ್ಟಿರುವರೆಂದು ಇಟ್ಟುಕೊಳ್ಳೋಣ. ಬಿಲ್ಲು 3,400ಕ್ಕೆ ಏರಿದರೆ ರೋಗಿಗೆ ದಾರಿಯುಂಟು. 3,390ಕ್ಕೆ ನಿಂತರೆ ಇಲ್ಲ. ಮೇಲಾಗಿ, ಬೆಲೆ ಇಷ್ಟೇ ಇರಬೇಕೆಂದು ಕಾಯಿದೆಯು ಎಲ್ಲಿಯೂ ಹೇಳುವುದಿಲ್ಲ. ಭೇಟಿಗೆ 500 ಡಾಲರನ್ನು ಕೇಳುವವನು ಅದನ್ನು ಮೊದಲೇ ಬರೆದುಕೊಟ್ಟರೆ ನಿರ್ದೋಷಿ. ಬಡವನಿಗೆ ಇದರಿಂದ ಚಿಕಿತ್ಸೆ ದೊರೆಯದು. ದೊರೆಯಲಾರದೆಂಬುದು ಮೊದಲೇ ಗೊತ್ತಾಗುವುದು, ಅಷ್ಟೇ. ಆದರೆ ಆ 'ಅಷ್ಟೇ' ಎಂಬುದು ಅಲ್ಪವಲ್ಲ. ಏಕೆಂಬುದನ್ನು ಮುಂದೆ ಹೇಳುವೆವು. ಬ್ರಿಟನ್ನಿನಲ್ಲಿಯೂ ಖಾಸಗಿ ತಜ್ಞವೈದ್ಯರು ತಮ್ಮ ಫೀಜನ್ನು ರೋಗಿಗೆ ಮೊದಲೇ ಬರೆದು ತಿಳಿಸಬೇಕೆಂದು ಅಲ್ಲಿಯ ಸ್ಪರ್ಧಾ ಪ್ರಾಧಿಕಾರವು 2014ರಲ್ಲಿ ಆಜ್ಞೆ ಮಾಡಿತೆಂಬುದನ್ನು ಇಲ್ಲಿ ಸ್ಮರಿಸಿದರೆ ಸಾಕು.

ಇನ್ನು ನಮ್ಮ ಮನೆಯ ಮಾತು. ಅಮೆರಿಕದಲ್ಲಿ ಕೈಯಿಂದ ಹಣ ಕೊಟ್ಟು ಚಿಕಿತ್ಸೆ ಪಡೆಯುವುದು ಅಪವಾದ, ನಮ್ಮಲ್ಲಿ ಅದು ವಾಡಿಕೆ. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರು ನೇರವಾಗಿ ತಮ್ಮ ಜೇಬಿನಿಂದ ತೆತ್ತ ಭಾಗವು 2013–14ರಲ್ಲಿ ನೂರಕ್ಕೆ 64 ಇದ್ದುದು 2021–22ರಲ್ಲಿ ಸುಮಾರು 39ಕ್ಕೆ ಇಳಿಯಿತೆಂದು ಕೇಂದ್ರ ಸರಕಾರದ ಲೆಕ್ಕಗಳು ತಿಳಿಸುತ್ತವೆ. ಇಳಿದುದು ಸಂತೋಷದ ಸಂಗತಿಯೇ. ಆದರೂ ಐದು ರೂಪಾಯಿಗಳಲ್ಲಿ ಎರಡು ರೂಪಾಯಿ ಇನ್ನೂ ರೋಗಿಯ ಗಂಟಿನಿಂದಲೇ ಹೋಗುತ್ತಿದ್ದುವು. ಮನಸ್ಸಿನ ಬೇನೆಯ ವಿಷಯದಲ್ಲಂತೂ ಕೇಳುವುದೇ ಬೇಡ. ನಮ್ಮ ನಿಮ್ಹಾನ್ಸ್ ಸಂಸ್ಥೆಯು 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯು, ಬೇರೆ ಬೇರೆ ಮನೋರೋಗಗಳಲ್ಲಿ ನೂರಕ್ಕೆ 70ರಿಂದ 92ರ ವರೆಗೆ ಜನರಿಗೆ ಚಿಕಿತ್ಸೆಯೇ ದೊರೆಯುತ್ತಿಲ್ಲವೆಂದು ಕಂಡುಹಿಡಿಯಿತು. 2017ರ ಮಾನಸಿಕ ಆರೋಗ್ಯ ಕಾಯಿದೆಯು ಕೈಗೆಟಕುವ ಬೆಲೆಯಲ್ಲಿ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬನ ಹಕ್ಕೆಂದು ಘೋಷಿಸಿತು. ದೇಹದ ರೋಗಕ್ಕೆ ಕೊಡುವಂತೆಯೇ ಮನಸ್ಸಿನ ರೋಗಕ್ಕೂ ವಿಮೆ ಕೊಡಬೇಕೆಂದು ಕಂಪನಿಗಳಿಗೆ ವಿಧಿಸಿತು. ಕೇಳಲು ಇಂಪಾದ ಮಾತು. ಆದರೆ ನಮ್ಮಲ್ಲಿಯ ವಿಮೆಯು ಬಹುಮಟ್ಟಿಗೆ ಆಸ್ಪತ್ರೆಯಲ್ಲಿ ಮಲಗಿದವರಿಗೆ ಮಾತ್ರ ಒದಗತಕ್ಕದ್ದು. ವಾರಕ್ಕೊಮ್ಮೆ ಹೋಗಿ ಕುಳಿತು ಮಾತನಾಡಿ ಬರುವವನು ಯಾವ ಹಾಸಿಗೆಯಲ್ಲಿಯೂ ಮಲಗುವುದಿಲ್ಲ. ಆದುದರಿಂದ ಸಾಮಾನ್ಯವಾಗಿ ವಿಮೆಯ ಕಣ್ಣಿಗೆ ಅವನು ರೋಗಿಯೇ ಅಲ್ಲ.

ನಮ್ಮ ಪರಿಚಯದ ಗೃಹಸ್ಥರೊಬ್ಬರು ತಾಲೂಕು ಕಚೇರಿಯೊಂದರಲ್ಲಿ ಗುಮಾಸ್ತರು. ಪರೀಕ್ಷೆಯಲ್ಲಿ ತೇರ್ಗಡೆಯಾಗದ ಮಗಳು ಊಟ ನಿದ್ರೆಗಳನ್ನು ಬಿಟ್ಟು ಮೂಲೆ ಹಿಡಿದಾಗ, ಬಂಧುಗಳ ಸಲಹೆಯಂತೆ ಅವರು ದೊಡ್ಡ ಊರಿನ ಸಮಾಲೋಚನಾ ಕೇಂದ್ರವೊಂದಕ್ಕೆ ಕರೆದುಕೊಂಡು ಹೋದರು. ವೆಚ್ಚವೆಷ್ಟಾದೀತೆಂದು ಕೇಳಿದುದಕ್ಕೆ, "ಮೊದಲು ಬನ್ನಿ ರಾಯರೆ, ಆಮೇಲೆ ನೋಡೋಣ" ಎಂಬ ಉತ್ತರ ಬಂದಿತು. ಭೇಟಿಯ ಫೀಜು ತಿಳಿದಿತ್ತು, ಭೇಟಿಗಳೆಷ್ಟೆಂದು ತಿಳಿದಿರಲಿಲ್ಲ. ಮೂರನೆಯ ಸಲ ಮನೋಪರೀಕ್ಷೆಗಳೆಂದು ಬೇರೆಯ ಬಿಲ್ಲು ಬಂದಿತು. ಮಳೆಯಿಂದಾಗಿ ಬಸ್ಸು ತಪ್ಪಿಹೋದ ಒಂದು ದಿನಕ್ಕೂ ಹಣ ಹಿಡಿದರು. ಹುಡುಗಿಯು ಬಾಯಿ ಬಿಟ್ಟು ಮಾತನಾಡತೊಡಗಿದ್ದಳು. ಗುಣದ ದಾರಿ ಕಾಣಿಸತೊಡಗಿತ್ತು. ಅಷ್ಟರಲ್ಲಿ ಗೃಹಸ್ಥರ ಹಣ ಮುಗಿಯಿತು. ಆರನೆಯ ಭೇಟಿಯ ನಂತರ ಅವರು ಹೋಗಲಿಲ್ಲ. "ಅಂಗಿ ಹೊಲಿಯುವ ದರ್ಜಿಯೂ ಎಷ್ಟು ಬಟ್ಟೆ ಬೇಕೆಂದು ಮೊದಲು ಹೇಳುವನಲ್ಲ! ಹನ್ನೆರಡು ಸಲ ಬರಬೇಕಾದೀತೆಂದು ಮೊದಲೇ ಹೇಳಿದ್ದರೆ, ವಾರಕ್ಕೊಂದರ ಬದಲು ಹದಿನೈದು ದಿನಕ್ಕೊಂದರಂತೆ ಹೋಗಬಹುದಿತ್ತೇ ಎಂದಾದರೂ ಕೇಳುತ್ತಿದ್ದೆ, ಇಲ್ಲವೆ ಮೊದಲೇ ಸರಕಾರಿ ಆಸ್ಪತ್ರೆಗೆ ಹೋಗುತ್ತಿದ್ದೆ" ಎಂದು ಅವರು ನಮ್ಮೆದುರು ಹೇಳಿಕೊಂಡರು. ಆ ಕೇಂದ್ರದವರು ಮೋಸಗಾರರೆಂದು ನಾವು ಹೇಳುವುದಿಲ್ಲ, ಗುಮಾಸ್ತರೂ ಹಾಗೆ ಹೇಳಲಿಲ್ಲ. ಕೇಳಿದ ಒಂದೊಂದು ಹಣಕ್ಕೂ ಅವರಲ್ಲಿ ಕಾರಣವಿದ್ದಿರಬಹುದು. ಆದರೆ ಅರ್ಧಕ್ಕೆ ನಿಂತ ಔಷಧವನ್ನು ಮತ್ತೆ ಕುಡಿಯಬಹುದು. ಅರ್ಧಕ್ಕೆ ನಿಂತ ಮಾತಿನ ಚಿಕಿತ್ಸೆಯಲ್ಲಿ, ಒಬ್ಬರನ್ನು ನಂಬಿ ಎದೆ ತೆರೆದ ಹುಡುಗಿಗೆ ಆ ಬಾಗಿಲು ಹಣದ ದೆಸೆಯಿಂದ ಮುಚ್ಚಿಕೊಂಡಿತೆಂಬ ಇನ್ನೊಂದು ಗಾಯವೂ ಸೇರುವುದು. ಮೊದಲೇ ತಿಳಿಯುವುದರ ಬೆಲೆಯು ಅಲ್ಪವಲ್ಲವೆಂದು ಮೇಲೆ ನಾವು ಹೇಳಿದುದು ಈ ಕಾರಣದಿಂದ.

ನಮ್ಮ ಜನರು ವೈದ್ಯನೊಡನೆ ಹಣದ ಮಾತೆತ್ತುವುದಕ್ಕೆ ನಾಚುವರು. ಇದು ಒಳ್ಳೆಯ ಮನೆತನದ ಗುಣವೆಂದೇ ನಾವು ತಿಳಿದಿದ್ದೇವೆ. ನಾಡವೈದ್ಯರು ಮನೆಗೆ ಬಂದು ನಾಡಿ ನೋಡಿ, ಕೊಟ್ಟಷ್ಟನ್ನು ತೆಗೆದುಕೊಂಡು, ಕೊಡಲಾರದವರಲ್ಲಿ ಮಜ್ಜಿಗೆ ಕುಡಿದು ಹೋಗುತ್ತಿದ್ದ ಕಾಲದಲ್ಲಿ ಆ ದಾಕ್ಷಿಣ್ಯವು ಎರಡು ಕಡೆಯಿಂದಲೂ ನಡೆಯುತ್ತಿದ್ದಿತು. ರೋಗಿಯು ಕೇಳುತ್ತಿರಲಿಲ್ಲ, ವೈದ್ಯನು ಹೇಳುತ್ತಿರಲಿಲ್ಲ. ಈಗ ಒಂದು ಕಡೆಯ ದಾಕ್ಷಿಣ್ಯವು ಗಣಕಯಂತ್ರದ ಬಿಲ್ಲಾಗಿ ಮಾರ್ಪಟ್ಟಿದೆ, ಇನ್ನೊಂದು ಕಡೆಯದು ಹಾಗೆಯೇ ಉಳಿದಿದೆ. ಕೇಳಿದರೆ ಡಾಕ್ಟರು ಬೇಸರಗೊಂಡು ಸರಿಯಾಗಿ ನೋಡಲಿಕ್ಕಿಲ್ಲವೆಂಬ ಅಂಜಿಕೆಯೂ ಇದರೊಡನೆ ಕೂಡಿಕೊಂಡಿದೆ. ಮನಸ್ಸು ಕುಗ್ಗಿದವನ ಗತಿಯಂತೂ ಹೇಳತೀರದು: ಬೆಲೆ ಕೇಳುವ ಧೈರ್ಯವನ್ನೇ ಅವನ ರೋಗವು ಕಸಿದುಕೊಂಡಿರುತ್ತದೆ. ಆದುದರಿಂದಲೇ, ರೋಗಿಯು ಕೇಳಿದರೆ ಹೇಳಬೇಕು ಎಂಬ ನಿಯಮವು ಸಾಲದು; ಕೇಳದಿದ್ದರೂ ಬರೆದು ಕೊಡಬೇಕು ಎಂಬ ನಿಯಮವು ಬೇಕು.

ನಮ್ಮ ದೇಶದಲ್ಲಿ ಇಂಥ ನಿಯಮದ ಬೀಜವು ಇಲ್ಲದಿಲ್ಲ. ಭಾರತೀಯ ವೈದ್ಯ ಪರಿಷತ್ತು 2002ರಲ್ಲಿ ಮಾಡಿದ ವೃತ್ತಿಧರ್ಮದ ನಿಯಮಾವಳಿಯಲ್ಲಿ, ವೈದ್ಯನು ತನ್ನ ಫೀಜನ್ನು ಸೇವೆಗೆ ಮೊದಲೇ ತಿಳಿಸಬೇಕು, ಚಿಕಿತ್ಸೆ ನಡೆಯುತ್ತಿರುವಾಗ ಅಲ್ಲ ಎಂದೂ, ತನ್ನ ಕೋಣೆಯಲ್ಲಿ ಅದನ್ನು ಕಾಣುವಂತೆ ತೂಗುಹಾಕಬೇಕೆಂದೂ ಹೇಳಿದೆ. ಎಷ್ಟು ಕೋಣೆಗಳಲ್ಲಿ ಈ ಹಲಗೆಯನ್ನು ಕಂಡಿದ್ದೀರೆಂದು ವಾಚಕರೇ ನೆನಪಿಸಿಕೊಳ್ಳಲಿ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನ ಹದಿನೇಳು ಹಕ್ಕುಗಳಲ್ಲಿ ದರಗಳ ಪಾರದರ್ಶಕತೆಯೂ ಒಂದು. 2023ರ ಆಗಸ್ಟಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಇನ್ನೂ ಮುಂದೆ ಹೋಗಿ, ಫೀಜನ್ನು ಪರೀಕ್ಷೆಗೆ ಮೊದಲು ತಿಳಿಸತಕ್ಕದ್ದು, ಶಸ್ತ್ರಕ್ರಿಯೆಯ ಅಥವಾ ಚಿಕಿತ್ಸೆಯ ವೆಚ್ಚದ ಸಮಂಜಸವಾದ ಅಂದಾಜನ್ನು ರೋಗಿಗೆ ಕೊಡತಕ್ಕದ್ದು ಎಂದು ಹೊಸ ನಿಯಮಾವಳಿಯಲ್ಲಿ ಬರೆಯಿತು. ನಾವು ಬಯಸುವುದು ಬಹುಮಟ್ಟಿಗೆ ಇದನ್ನೇ. ಆದರೆ ಅದೇ ನಿಯಮಾವಳಿಯಲ್ಲಿ, ಔಷಧಗಳನ್ನು ಕಂಪನಿಯ ಹೆಸರಿನಿಂದಲ್ಲದೆ ಮೂಲದ ಹೆಸರಿನಿಂದಲೇ ಬರೆಯಬೇಕು, ಔಷಧ ಕಂಪನಿಗಳ ಖರ್ಚಿನ ಸಮ್ಮೇಳನಗಳಿಗೆ ಹೋಗಬಾರದು ಎಂಬ ವಿಧಿಗಳೂ ಇದ್ದುವು. ಅವುಗಳ ಮೇಲೆ ವೈದ್ಯರ ಸಂಘವೂ ಔಷಧ ಕಂಪನಿಗಳೂ ದೊಡ್ಡ ಗದ್ದಲವೆಬ್ಬಿಸಿದುವು. ಪರಿಣಾಮವಾಗಿ, ಪ್ರಕಟವಾದ ಮೂರು ವಾರಗಳೊಳಗೆ, ಆಗಸ್ಟ್ 23ರಂದು, ಇಡೀ ನಿಯಮಾವಳಿಯನ್ನೇ ತಡೆಹಿಡಿದು 2002ರದನ್ನೇ ಮತ್ತೆ ಜಾರಿಗೆ ತಂದರು. ಕೋಣಗಳು ಕಾದಾಡಿದುವು, ನಡುವೆ ಸಿಕ್ಕ ಗಿಡವು ನಜ್ಜುಗುಜ್ಜಾಯಿತು. ವೆಚ್ಚದ ಅಂದಾಜಿನ ವಿಧಿಯ ಮೇಲೆ ಆ ಗದ್ದಲದಲ್ಲಿ ಯಾರಿಗೂ ಅಷ್ಟಾಗಿ ಸಿಟ್ಟಿದ್ದಂತೆ ನಮಗೆ ಕಾಣಲಿಲ್ಲ. ಆದರೂ ಮಿಕ್ಕವುಗಳೊಡನೆ ಅದೂ ಪೆಟ್ಟಿಗೆಗೆ ಹೋಯಿತು.

ಕರ್ನಾಟಕದ ಕಥೆಯನ್ನೂ ನೋಡಬೇಕು. ಖಾಸಗಿ ಆಸ್ಪತ್ರೆಗಳನ್ನು ಹತೋಟಿಯಲ್ಲಿಡುವ ನಮ್ಮ 2007ರ ಕಾಯಿದೆಯು, 1976ರ ನರ್ಸಿಂಗ್ ಹೋಮುಗಳ ಕಾಯಿದೆಯ ಸ್ಥಾನದಲ್ಲಿ ಬಂದುದು. ಚಿಕಿತ್ಸೆಗಳ ದರಪಟ್ಟಿಯನ್ನು ಪುಸ್ತಿಕೆಯಾಗಿ ರೋಗಿಗಳಿಗೆ ದೊರಕಿಸಬೇಕು, ಪ್ರತಿಯೊಂದು ಸಂದಾಯಕ್ಕೂ ರಶೀದಿ ಕೊಡಬೇಕು ಎಂದು ಅದರಲ್ಲಿದೆ. ಅದನ್ನು ಬಿಗಿಗೊಳಿಸುವ ಮಸೂದೆಯನ್ನು 2017ರಲ್ಲಿ ಆಗಿನ ಆರೋಗ್ಯ ಸಚಿವರಾದ ಶ್ರೀ ರಮೇಶಕುಮಾರರು ತಂದಾಗ ನಡೆದುದನ್ನು ವಾಚಕರು ಮರೆತಿರಲಾರರು. ನವೆಂಬರಿನಲ್ಲಿ ಖಾಸಗಿ ವೈದ್ಯರು ಮುಷ್ಕರ ಹೂಡಿದರು. ಹೊರರೋಗಿಗಳು ಬಾಗಿಲಿನಿಂದ ಬಾಗಿಲಿಗೆ ಅಲೆದರು. ಬೆಳಗಾವಿಯ ಅಧಿವೇಶನದಲ್ಲಿ ರಾಜಿಯಾಗಿ, ಹೆಚ್ಚು ಹಣ ಸೆಳೆದವರಿಗೆ ಜೈಲುಶಿಕ್ಷೆ ಎಂಬ ವಿಧಿಯು ಬಿದ್ದುಹೋಗಿ ದಂಡವುಳಿಯಿತು, ದರ ನಿಗದಿಮಾಡುವ ಅಧಿಕಾರವು ಸರಕಾರದ ಆರೋಗ್ಯ ಯೋಜನೆಗಳ ಮಟ್ಟಿಗೆ ಕುಗ್ಗಿತು. ರೋಗಿಗಳ ಸನ್ನದು ಮಾತ್ರ ಕಾಯಿದೆಯೊಳಕ್ಕೆ ಬಂದಿತು; ಸತ್ತವರ ದೇಹವನ್ನು ಬಾಕಿಗಾಗಿ ತಡೆಹಿಡಿಯಬಾರದೆಂಬ ಮಾತೂ ಬಂದಿತು. ಅದರಷ್ಟಕ್ಕೆ ಅದು ಲಾಭವೇ. ಆದರೆ ದರಪಟ್ಟಿ ಬೇರೆ, ಅಂದಾಜು ಬೇರೆ. ಅಕ್ಕಿಯ ಸೇರಿಗೆ ಎಷ್ಟೆಂಬುದು ದರಪಟ್ಟಿ. ಮದುವೆಯ ಊಟಕ್ಕೆ ಎಷ್ಟಾಗುವುದೆಂಬುದು ಅಂದಾಜು. ಒಂದು ಭೇಟಿಯ ದರವನ್ನು ಗೋಡೆಯ ಮೇಲೆ ಓದಿದ ನಮ್ಮ ಗುಮಾಸ್ತರಿಗೆ ತಿಳಿಯಬೇಕಾಗಿದ್ದುದು ಮದುವೆಯ ಖರ್ಚು. ಇಷ್ಟು ದಿನಗಳೊಳಗೆ ಬರವಣಿಗೆ, ಇಷ್ಟಕ್ಕೆ ಮಿಕ್ಕಿದರೆ ಪಂಚಾಯಿತಿ ಎಂಬ ಅಮೆರಿಕದ ಬಿಗಿಯು ನಮ್ಮ ಏರ್ಪಾಟಿಗೆ ಬಂದಿಲ್ಲ.

2017ರ ಜಗಳವು ಬೆಲೆ ಕಟ್ಟುವುದರ ಮೇಲೆ ನಡೆಯಿತೆಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಸರಕಾರವು ನಮ್ಮ ಬುದ್ಧಿಗೆ ಬೆಲೆ ಕಟ್ಟಬಾರದೆಂದು ವೈದ್ಯರು ವಾದಿಸಿದರು. ಆ ವಾದದಲ್ಲಿ ಹುರುಳಿದೆಯೋ ಇಲ್ಲವೋ ಎಂಬುದು ಬೇರೊಂದು ದಿನದ ಚರ್ಚೆ. ನಾವು ಈಗ ಕೇಳುತ್ತಿರುವುದು ಬೆಲೆ ಕಟ್ಟುವುದನ್ನಲ್ಲ. ನಿಮ್ಮ ಬೆಲೆಯನ್ನು ನೀವೇ ಕಟ್ಟಿರಿ. ಕಟ್ಟಿದುದನ್ನು ಮೊದಲು ಹೇಳಿರಿ ಎಂಬುದಷ್ಟೇ ಬೇಡಿಕೆ. ಇದಕ್ಕೆ ಮುಷ್ಕರ ಹೂಡುವ ವೈದ್ಯನು ಜನರೆದುರು ಯಾವ ಕಾರಣವನ್ನು ಹೇಳಿಯಾನು? ಪ್ರಾಮಾಣಿಕನಾದ ವೈದ್ಯನಿಗೆ ಇದರಿಂದ ಅನುಕೂಲವೇ ಆಗುವುದು. ಕಡಿಮೆ ಬೆಲೆಯನ್ನು ಬಾಯಲ್ಲಿ ಹೇಳಿ ರೋಗಿಗಳನ್ನು ಸೆಳೆದು ಆಮೇಲೆ ಬೆಳೆಸುವ ನೆರೆಯವನಿಂದ ಅವನು ಪಾರಾಗುವನು.

ಮಾತಿನ ಚಿಕಿತ್ಸೆಯ ವಿಷಯದಲ್ಲಿ ಇನ್ನೊಂದು ತೊಡಕಿದೆ. ವೈದ್ಯ ಆಯೋಗದ ನಿಯಮಗಳು ಕಟ್ಟಿಹಾಕುವುದು ವೈದ್ಯರನ್ನು. ಆಪ್ತಸಮಾಲೋಚನೆ ಮಾಡುವವರಲ್ಲಿ ಬಹುಮಂದಿ ವೈದ್ಯರಲ್ಲ. ಚಿಕಿತ್ಸಾ ಮನಶ್ಶಾಸ್ತ್ರಜ್ಞರು 1992ರ ಪುನರ್ವಸತಿ ಪರಿಷತ್ತಿನ ಕಾಯಿದೆಗೆ ಒಳಪಟ್ಟವರು. ಇತರ ಸಮಾಲೋಚಕರನ್ನು 2021ರ ಸಹವೈದ್ಯಕೀಯ ವೃತ್ತಿಗಳ ಕಾಯಿದೆಯ ಕೆಳಗೆ ತರಲು ಏರ್ಪಾಡಾಯಿತು. ಮನೆಯ ಹೊರಕೋಣೆಯಲ್ಲಿಯೋ, ಮೊಬೈಲಿನ ತೆರೆಯ ಮೇಲೆಯೋ ಚಿಕಿತ್ಸೆ ನಡೆಸುವ ಒಂಟಿ ಸಮಾಲೋಚಕರ ಕಡೆಗೆ ಯಾವ ಇನ್‌ಸ್ಪೆಕ್ಟರನೂ ಕಣ್ಣೆತ್ತಿ ನೋಡಿದುದನ್ನು ನಾವು ಕೇಳಿಲ್ಲ. ದೊಡ್ಡ ನಗರಗಳಲ್ಲಿ ಒಂದು ಭೇಟಿಗೆ ಸಾವಿರ, ಎರಡು ಸಾವಿರ ರೂಪಾಯಿ ಕೇಳುವುದು ಈಗ ಅಪರೂಪವಲ್ಲ. ವಾರಕ್ಕೊಂದರಂತೆ ಮೂರು ತಿಂಗಳು ನಡೆದರೆ ಅದು ಹನ್ನೆರಡರಿಂದ ಇಪ್ಪತ್ತಾರು ಸಾವಿರಕ್ಕೆ ಬರುವುದೆಂದು ಮೊದಲ ದಿನವೇ ಕೂಡಿಸಿ ತೋರಿಸುವವರು ವಿರಳ.

ಆದುದರಿಂದ ರಾಜ್ಯ ಸರಕಾರವು 2007ರ ಕಾಯಿದೆಯ ಕೆಳಗೆ ನಿಯಮವನ್ನು ರಚಿಸಿ, ಹಣ ಪಡೆದು ನಡೆಸುವ ಸಮಾಲೋಚನೆಯನ್ನೂ ಅದರೊಳಕ್ಕೆ ನಿಸ್ಸಂದೇಹವಾಗಿ ತರುವುದು ಯುಕ್ತವೆಂದು ನಾವು ಸೂಚಿಸುವೆವು. ಕಾಗದವು ಒಂದೇ ಪುಟದ್ದಾಗಿ ಕನ್ನಡದಲ್ಲಿರಲಿ. ಒಂದು ಭೇಟಿಗೆ ಎಷ್ಟು ಹೊತ್ತು, ಎಷ್ಟು ಹಣ; ಮೊದಲ ಹಂತಕ್ಕೆ ಎಷ್ಟು ಭೇಟಿಗಳು ಬೇಕಾಗಬಹುದು; ಪರೀಕ್ಷೆಗಳಿದ್ದರೆ ಅವುಗಳ ವೆಚ್ಚ ಬೇರೆಯಾಗಿ; ಬರಲಾಗದ ದಿನಕ್ಕೆ ಹಣ ಹಿಡಿಯುವರೋ ಇಲ್ಲವೋ, ಎಷ್ಟು ಮೊದಲು ತಿಳಿಸಿದರೆ ಬಿಡುವರು. ಇಡೀ ವರ್ಷಕ್ಕೆ ಅಂದಾಜು ಕಟ್ಟುವ ಅಮೆರಿಕದ ಪದ್ಧತಿಗಿಂತ, ನಾಲ್ಕಾರು ಭೇಟಿಗಳಿಗೊಮ್ಮೆ ಕುಳಿತು ಮುಂದಿನದನ್ನು ಹೊಸದಾಗಿ ಬರೆಯುವುದು ಮನಸ್ಸಿನ ಚಿಕಿತ್ಸೆಯ ಸ್ವಭಾವಕ್ಕೆ ಹೆಚ್ಚು ಹೊಂದುವುದೆಂದು ನಮ್ಮ ಮತ. ಗುಣವೆಷ್ಟಾಯಿತೆಂದು ಇಬ್ಬರೂ ಒಟ್ಟಿಗೆ ನೋಡುವುದಕ್ಕೆ ಅದರಿಂದ ಒಂದು ನೆಪವೂ ಸಿಗುವುದು. ರೋಗದ ಹೆಸರು ಆ ಕಾಗದದಲ್ಲಿ ಎಂದಿಗೂ ಬೇಡ. ಮನೆಯವರ ಕೈಗೆ, ಕಚೇರಿಯವರ ಕೈಗೆ ಸಿಕ್ಕ ಒಂದು ಚೀಟಿಯಿಂದ ಸಂಬಂಧ ಮುರಿದ, ನೌಕರಿಗೆ ಕುತ್ತು ಬಂದ ಉದಾಹರಣೆಗಳು ನಮ್ಮ ಸಮಾಜದಲ್ಲಿ ಬೇಕಾದಷ್ಟಿವೆ. ತಕರಾರುಗಳನ್ನು ಕೇಳಲು ಹೊಸ ಕಚೇರಿಯನ್ನು ಕಟ್ಟಬೇಕಾಗಿಲ್ಲ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರವು ಕಾಯಿದೆಯಲ್ಲಿಯೇ ಇದೆ. ಅದು ಕೂಡುವಂತೆ ಮಾಡಿದರೆ ಸಾಕು. ಚಿಕ್ಕ ಚಿಕಿತ್ಸಕರಿಗೆ ಬರವಣಿಗೆಯ ಹೊರೆಯಾಗದಂತೆ ಸರಕಾರವೇ ನಮೂನೆಯನ್ನು ಅಚ್ಚುಮಾಡಿಸಿ ಕೊಡಲಿ.

ಅಂದಾಜನ್ನು ಕಂಡು ಬಡವನು ಹೆದರಿ ಬಾರದೆ ಹೋದಾನೆಂದು ಕೆಲವರು ಹೇಳುವರು. ಹೋಗಲೂಬಹುದು. ಆದರೆ ಅವನು ಹೋಗತಕ್ಕ ಬೇರೆ ಸ್ಥಳಗಳು ನಮ್ಮ ನಾಡಿನಲ್ಲಿವೆ. ಅವುಗಳ ಕಡೆಗೆ ಹಣ ಮುಗಿದ ಮೇಲೆ ಹೋಗುವುದಕ್ಕಿಂತ ಮೊದಲೇ ಹೋಗುವುದು ಲೇಸು. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಇವೆ. ದೇಶವೆಲ್ಲ ಅನುಸರಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದುದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗವೆಂಬುದನ್ನು ನಾವೇ ಮರೆತಿರುವುದು ಸೋಜಿಗ. 2022ರ ಅಕ್ಟೋಬರ್ 10ರಿಂದ 14416 ಎಂಬ ಸಂಖ್ಯೆಗೆ ಕರೆಮಾಡಿದರೆ 'ಟೆಲಿ ಮಾನಸ್' ಯೋಜನೆಯವರು ಹಣವಿಲ್ಲದೆ ಮಾತನಾಡುವ ಏರ್ಪಾಡಾಗಿದೆ, ಕನ್ನಡದಲ್ಲಿಯೂ ಮಾತನಾಡುವರು. ಖಾಸಗಿ ಕೇಂದ್ರದ ಅಂದಾಜು ಪತ್ರದ ಕೆಳಗೆ ಈ ಸಂಖ್ಯೆಯನ್ನೂ ಹತ್ತಿರದ ಸರಕಾರಿ ಆಸ್ಪತ್ರೆಯ ಹೆಸರನ್ನೂ ಅಚ್ಚುಮಾಡಬೇಕೆಂದು ವಿಧಿಸಿದರೆ ಯಾರಿಗೂ ಒಂದು ಕಾಸಿನ ನಷ್ಟವಿಲ್ಲ.

ನಿಯಮವಾಗುವ ವರೆಗೆ ರೋಗಿಯ ಕಡೆಯವರು ಸುಮ್ಮನೆ ಕೂಡಬೇಕಾಗಿಲ್ಲ. ವೈದ್ಯರಾದವರಿಗೆ 2002ರ ನಿಯಮವು ಇದ್ದೇ ಇದೆ. ಫೀಜನ್ನು ಮೊದಲು ತಿಳಿಸಿರೆಂದು ಕೇಳುವುದರಲ್ಲಿ ಅವಮರ್ಯಾದೆಯೇನೂ ಇಲ್ಲ. ಹಣ ಪಡೆದು ಮಾಡುವ ವೈದ್ಯಸೇವೆಯು ಗ್ರಾಹಕರ ಕಾಯಿದೆಗೆ ಒಳಪಟ್ಟುದೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿಯೇ ತೀರ್ಪಿತ್ತಿದೆ. ಸಮಾಲೋಚಕರ ಬಳಿಗೆ ಹೋಗುವಾಗ, ಕುಗ್ಗಿದ ಮನಸ್ಸಿನ ರೋಗಿಯ ಬದಲು ಜೊತೆಗೆ ಹೋದವರೇ ಮಾತೆತ್ತಿ, ಎಷ್ಟು ಸಲ, ಎಷ್ಟು ಹಣ ಎಂಬುದನ್ನು ಒಂದು ಚೀಟಿಯಲ್ಲಿ ಬರೆಯಿಸಿಕೊಂಡು, ಪ್ರತಿ ಸಂದಾಯದ ರಶೀದಿಯನ್ನೂ ಅದರೊಡನೆ ಇಟ್ಟುಕೊಳ್ಳಲಿ. ಮೇಲೆ ಹೇಳಿದ ಗುಮಾಸ್ತರಲ್ಲಿ ಆರು ಭೇಟಿಗಳ ಪೈಕಿ ಎರಡಕ್ಕೆ ಮಾತ್ರ ರಶೀದಿಯಿದ್ದಿತು.